ತಿಂದಾಳೆಂಬ ಭಯ, ಆದೇನೆಂಬ ಭಯ: ಭಯಾನಕ ಕಾಮಿಕ್ಸಿನ ರಾಕ್ಷಸಿಯರು



 ಕಾಮಿಕ್ಸ್ ಎಂದರೆ ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಕೊಡುವ ಪುಸ್ತಕ ಎಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ನಾನು ಇವತ್ತು ಹೇಳಹೊರಟಿರುವ ಪುಸ್ತಕಗಳಲ್ಲಿ ಕೆಲವನ್ನು ಮಕ್ಕಳ ಕೈಗೆ ಕೊಡುವಂತೆಯೇ ಇಲ್ಲ. ಇನ್ನು ಕೆಲವನ್ನು ಮಕ್ಕಳಿಗೆಂದೇ ಬರೆಯಲಾಗಿತ್ತು, ಅವೇ ಹೆಚ್ಚು ಹೆದರಿಸುತ್ತವೆ.

ಹೆಣ್ಣನ್ನು ರಾಕ್ಷಸಿಯಾಗಿ ತೋರಿಸುವ ಕಥೆ ಎದುರಾದಾಗ ನಾವು ಮೊದಲು ಕೇಳುವುದು ಬರೆದವರು ಯಾರು ಎಂದು. ಗಂಡಸು ಬರೆದಿದ್ದಾನೆ, ಅದಕ್ಕೇ ಹೀಗೆ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತೇವೆ. ಕಾಮಿಕ್ಸಿನ ಮಟ್ಟಿಗೆ ಆ ಪ್ರಶ್ನೆ ಸಾಲದು. ಯಾರ ಕೈಗೆ ಸೇರಲೆಂದು ಬರೆದದ್ದು ಎಂಬುದನ್ನೂ ಕೇಳಬೇಕು. ಗಂಡು ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡ ಪತ್ರಿಕೆಯಲ್ಲಿ ರಾಕ್ಷಸಿಯನ್ನು ಕಂಡಾಗ ಹುಟ್ಟುವ ಭಯ 'ಇವಳು ನನ್ನನ್ನು ತಿಂದಾಳು' ಎಂಬುದು. ಹುಡುಗಿಯರಿಗೆಂದೇ ಅಚ್ಚಾದ ಪತ್ರಿಕೆಯಲ್ಲಿ ಅದೇ ಕೋರೆಹಲ್ಲು, ಅದೇ ಕೆದರಿದ ಕೂದಲು ಬೇರೆಯದೇ ಭಯ ಹುಟ್ಟಿಸುತ್ತವೆ: 'ನಾನೇ ಇವಳಾದೇನು.' ಈ ಎರಡನೆಯ ಭಯ ಹೆಚ್ಚು ಆಳದ್ದು ಎಂಬುದು ನನ್ನ ನಂಬಿಕೆ. ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಜಪಾನಿನ ಇಬ್ಬರು ಗಂಡಸರು ಎಂಬುದು ನಾನು ಮೊದಲು ಹೇಳಿದ ಪ್ರಶ್ನೆ ಏಕೆ ಸಾಲದು ಎನ್ನುವುದಕ್ಕೆ ಸಾಕ್ಷಿ.

ಅಮೆರಿಕದಿಂದ ಶುರುಮಾಡುತ್ತೇನೆ, ಏಕೆಂದರೆ ಗದ್ದಲ ಎದ್ದದ್ದು ಅಲ್ಲಿ. 1950ರಲ್ಲಿ ನ್ಯೂಯಾರ್ಕಿನ ಇಸಿ ಕಾಮಿಕ್ಸ್ ಸಂಸ್ಥೆ ಭಯಾನಕ ಕಥೆಗಳ ಪತ್ರಿಕೆಗಳನ್ನು ಆರಂಭಿಸಿತು. ಟೇಲ್ಸ್ ಫ್ರಮ್ ದ ಕ್ರಿಪ್ಟ್, ದ ವಾಲ್ಟ್ ಆಫ್ ಹಾರರ್, ದ ಹಾಂಟ್ ಆಫ್ ಫಿಯರ್ ಎಂಬ ಮೂರು ಹೆಸರುಗಳನ್ನು ಹಳೆಯ ಕಾಮಿಕ್ಸ್ ಪ್ರಿಯರು ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದೊಂದಕ್ಕೂ ಒಬ್ಬೊಬ್ಬ ನಿರೂಪಕ. ಮೂರನೆಯದರ ನಿರೂಪಕಿ ಒಬ್ಬ ಮುದಿ ಮಾಟಗಾತಿ. ಗ್ರಹಾಂ ಇಂಗಲ್ಸ್ ಎಂಬ ಕಲಾವಿದ ಅವಳ ಮುಖದಿಂದ ಜೊಲ್ಲು ಇಳಿಯುವಂತೆ, ಕೂದಲು ಜೇಡರಬಲೆಯಂತೆ ಅಂಟುವಂತೆ ಬಿಡಿಸುತ್ತಿದ್ದ. ಆ ಪತ್ರಿಕೆಗಳಲ್ಲಿ ಕಥೆಯ ಹಿಡಿತ ಪೂರ್ತಿ ತನ್ನ ಕೈಯಲ್ಲಿಟ್ಟುಕೊಂಡ ಹೆಂಗಸು ಅವಳೊಬ್ಬಳೇ. ಅವಳು ಕಡಾಯಿಯ ಪಕ್ಕದಲ್ಲಿ ನಿಂತು ಓದುಗನ ಜೊತೆ ನಗುತ್ತಾಳೆ, ತಾನೇ ಭಯಕ್ಕೆ ಗುರಿಯಾಗುವುದಿಲ್ಲ. ಕಥೆಗಳ ಒಳಗಿನ ಹೆಂಗಸರು ಮಾತ್ರ ಬಹುತೇಕ ಎರಡೇ ಬಗೆ: ಹಣಕ್ಕಾಗಿ ಗಂಡನಿಗೆ ವಿಷವಿಕ್ಕುವ ಚೆಲುವೆ, ಇಲ್ಲವೇ ಗಂಡನ ಕೊಡಲಿಗೆ ಕುತ್ತಿಗೆ ಕೊಡುವವಳು.

ಆ ಕೊಡಲಿ ಇಡೀ ಉದ್ಯಮದ ಮೇಲೆಯೇ ಬಿತ್ತು. 1954ರ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಬಾಲಾಪರಾಧವನ್ನು ಕುರಿತು ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆ ನಡೆಯಿತು. ಇಸಿಯ ಮಾಲೀಕ ವಿಲಿಯಂ ಗೇನ್ಸ್ ಸಾಕ್ಷಿ ಹೇಳಲು ತಾನಾಗಿಯೇ ಹೋದ. ಸೆನೆಟರ್ ಕೀಫಾವರ್ ಅವನೆದುರು ಹಿಡಿದದ್ದು ಜಾನಿ ಕ್ರೇಗ್ ಬಿಡಿಸಿದ ಒಂದು ಮುಖಪುಟ. ಒಬ್ಬ ಗಂಡಸಿನ ಒಂದು ಕೈಯಲ್ಲಿ ನೆತ್ತರು ಹತ್ತಿದ ಕೊಡಲಿ, ಇನ್ನೊಂದರಲ್ಲಿ ಹೊಂಬಣ್ಣದ ಕೂದಲು ಹಿಡಿದು ಎತ್ತಿದ ಹೆಂಗಸಿನ ರುಂಡ. ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಪತ್ರಿಕೆಯ ಮುಖಪುಟಕ್ಕೆ ಹೌದು ಎಂದ ಗೇನ್ಸ್. ರುಂಡವನ್ನು ಇನ್ನಷ್ಟು ಮೇಲಕ್ಕೆತ್ತಿ ಕುತ್ತಿಗೆಯಿಂದ ರಕ್ತ ತೊಟ್ಟಿಕ್ಕುವುದು ಕಾಣುವಂತೆ ಮಾಡಿದ್ದರೆ ಆಗ ಅಭಿರುಚಿ ಕೆಟ್ಟಿತು ಎನ್ನಬಹುದಿತ್ತು ಎಂದು ವಿವರಿಸಿದ. ಮರುದಿನದ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂದು ವಾದಿಸುವ ಮನೋವೈದ್ಯ ಫ್ರೆಡ್ರಿಕ್ ವರ್ಥಾಮನ ಪುಸ್ತಕವೂ ಅದೇ ವರ್ಷ ಹೊರಬಂದಿತ್ತು. ಸರ್ಕಾರ ಕಾನೂನು ಮಾಡುವ ಮೊದಲೇ ಪ್ರಕಾಶಕರು ಸೇರಿ ತಮಗೆ ತಾವೇ ಕಾಮಿಕ್ಸ್ ಸಂಹಿತೆಯನ್ನು ಬರೆದುಕೊಂಡರು. ಶೀರ್ಷಿಕೆಯಲ್ಲಿ ಹಾರರ್, ಟೆರರ್ ಎಂಬ ಮಾತುಗಳು ಕೂಡದು. ರಕ್ತಪಿಶಾಚಿ, ನಡೆದಾಡುವ ಹೆಣ, ನರಭಕ್ಷಕ, ತೋಳಮನುಷ್ಯ, ಯಾವುದೂ ಕೂಡದು. ಹೆಂಗಸರ ಅಂಗಾಂಗಗಳನ್ನು ಅತಿಶಯವಾಗಿ ಬರೆಯಬಾರದು. ಓದುವುದಕ್ಕೆ ಈ ಕೊನೆಯ ನಿಯಮ ಹೆಣ್ಣಿನ ಪರವಾಗಿಯೇ ಕಾಣುತ್ತದೆ. ಆದರೆ ಕೊಲೆಯಾಗುವ ಹೆಣ್ಣಿನ ಜೊತೆಗೇ ಕೊಲ್ಲುವ, ಕೆರಳುವ, ಗೋರಿಯಿಂದ ಎದ್ದು ಬರುವ ಹೆಣ್ಣೂ ಪುಟದಿಂದ ಹೊರಬಿದ್ದಳು. ಮುದಿ ಮಾಟಗಾತಿಗೂ ಬಾಗಿಲು ಮುಚ್ಚಿತು. ನನಗೆ ಆ ಮುಖಪುಟದ ಮೇಲೆ ಯಾವ ಪ್ರೀತಿಯೂ ಇಲ್ಲ. ಆದರೆ ಅದನ್ನು ಅಳಿಸುವ ನೆಪದಲ್ಲಿ ಸಿಟ್ಟಿಗೆದ್ದ ಹೆಣ್ಣಿನ ಮುಖವನ್ನೇ ಅಳಿಸಿದ್ದು ದೊಡ್ಡ ನಷ್ಟ ಎಂದೇ ತಿಳಿಯುತ್ತೇನೆ.

ಅವಳು ಮರಳಿ ಬಂದದ್ದು 1969ರಲ್ಲಿ, ವ್ಯಾಂಪಿರೆಲ್ಲಾ ಎಂಬ ಹೆಸರಿನಲ್ಲಿ. ವಾರನ್ ಸಂಸ್ಥೆ ದೊಡ್ಡ ಆಕಾರದ ಕಪ್ಪು-ಬಿಳುಪು ಪತ್ರಿಕೆ ತೆಗೆದು ಸಂಹಿತೆಯ ಕೈಗೆ ಸಿಗದಂತೆ ನೋಡಿಕೊಂಡಿತ್ತು. ವ್ಯಾಂಪಿರೆಲ್ಲಾಳ ಉಡುಪನ್ನು ರೂಪಿಸಿದವಳು ಟ್ರಿನಾ ರಾಬಿನ್ಸ್. ಮರುವರ್ಷ ಹೆಂಗಸರೇ ಸೇರಿ ತಂದ ಮೊದಲ ಕಾಮಿಕ್ಸ್ ಪುಸ್ತಕಕ್ಕೆ ಮುಂದಾಳಾದವಳೂ ಈಕೆಯೇ. ಇಷ್ಟಿದ್ದರೂ ವ್ಯಾಂಪಿರೆಲ್ಲಾ ಪತ್ರಿಕೆ ಅವಳನ್ನು ನೋಡಿದ್ದು ಹುಡುಗರ ಕಣ್ಣಿನಿಂದ. ರಕ್ತ ಹೀರುವವಳು ಮುಖಪುಟದಿಂದ ಮುಖಪುಟಕ್ಕೆ ಭಂಗಿ ಕೊಡುವವಳಾದಳು. ಅವಳನ್ನು ಕಂಡು ಯಾವ ಹುಡುಗಿಯೂ 'ನಾನು ಇವಳಾದೇನು' ಎಂದು ಬೆಚ್ಚಿರಲಾರಳು. ಇಲ್ಲಿಗೆ ಅಮೆರಿಕವನ್ನು ಬಿಡುತ್ತೇನೆ, ಕೊನೆಗೆ ಮತ್ತೆ ಬರಬೇಕಾಗುತ್ತದೆ.

ಈಗ ಜಪಾನು. ಅಲ್ಲಿ ಹುಡುಗಿಯರ ಮಾಂಗಾ, ಅಂದರೆ ಹುಡುಗಿಯರ ಕಾಮಿಕ್ಸ್, ಎಂಬುದು ಬೇರೆಯೇ ಲೋಕ. ಅದಕ್ಕೆ ತನ್ನವೇ ವಾರಪತ್ರಿಕೆಗಳು, ತನ್ನದೇ ಚಿತ್ರಶೈಲಿ, ತನ್ನದೇ ಅಳು. ಅರುವತ್ತರ ದಶಕದ ಈ ಪತ್ರಿಕೆಗಳಲ್ಲಿ ತಾಯಿ-ಮಗಳ ಕಥೆಗಳಿಗೆ ಭಾರಿ ಬೇಡಿಕೆ. ಅಗಲಿದ ತಾಯಿ, ಹುಡುಕುವ ಮಗಳು, ಕೊನೆಗೆ ಅಪ್ಪುಗೆ. 1965ರಲ್ಲಿ ಶೋಜೊ ಫ್ರೆಂಡ್ ಎಂಬ ವಾರಪತ್ರಿಕೆಯಲ್ಲಿ ಕಜುವೊ ಉಮೆಜು ಬರೆದ ಕಥೆಯ ಹೆಸರೇ 'ಅಮ್ಮನನ್ನು ಕಂಡರೆ ಭಯ' ಎಂಬರ್ಥದ್ದು. ಯುಮಿಕೊ ಎಂಬ ಹುಡುಗಿಯ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ತನ್ನನ್ನು ಹಾವೆಂದು ತಿಳಿದ ಹೆಂಗಸೊಬ್ಬಳನ್ನು ಅದೇ ಆಸ್ಪತ್ರೆಯಲ್ಲಿ ಕೂಡಿಹಾಕಿದ್ದಾರೆ. ತಾಯಿಯ ಮುಖವೂ ಅವಳ ಮುಖವೂ ಒಂದೇ. ಹಾವಿನ ಹೆಂಗಸು ತಾಯಿಯ ಜಾಗ ಹಿಡಿದು ಮನೆಗೆ ಬರುತ್ತಾಳೆ. ಬಂದವಳು ಅಮ್ಮನಲ್ಲ ಎಂದು ಗೊತ್ತಿರುವುದು ಮಗಳೊಬ್ಬಳಿಗೇ. ಅಪ್ಪ ನಂಬುವುದಿಲ್ಲ.

ಉಮೆಜು ಬಳಸಿದ ಮುಖಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹುಡುಗಿಯರ ಪತ್ರಿಕೆಯ ರೂಢಿಯಂತೆ ಅವನ ಹೆಂಗಸರಿಗೂ ಅರ್ಧ ಮುಖ ತುಂಬುವ ಕಣ್ಣು, ಕಣ್ಣೊಳಗೆ ನಕ್ಷತ್ರದಂಥ ಹೊಳಪು, ಒಂದೊಂದೇ ಎಣಿಸಬಹುದಾದ ರೆಪ್ಪೆ. ತಾಯಿ ಹಾವಾದಾಗ ಅವನು ಈ ಚೆಲುವನ್ನು ತೆಗೆದುಹಾಕುವುದಿಲ್ಲ. ಕಣ್ಣು ಅದೇ, ರೆಪ್ಪೆಯೂ ಅದೇ. ಬಾಯಿ ಮಾತ್ರ ಕಿವಿಯವರೆಗೆ ಸೀಳಿರುತ್ತದೆ, ಕೆನ್ನೆಯ ಮೇಲೆ ಹುರುಪೆ ಎದ್ದಿರುತ್ತದೆ. ಓದುವ ಹುಡುಗಿ ಯಾವ ಮುಖವನ್ನು ಪ್ರೀತಿಸಲು ಕಲಿತಿದ್ದಾಳೋ ಅದೇ ಮುಖ ಅವಳನ್ನು ಅಟ್ಟಿಸಿಕೊಂಡು ಬರುತ್ತದೆ.

ಇನ್ನೊಂದು ಪುಟದ ತಂತ್ರ. ಜಪಾನಿನ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಎಡಪುಟದ ಕೆಳತುದಿಯ ಚೌಕಟ್ಟು ಮುಗಿದ ಕೂಡಲೇ ಹಾಳೆ ಮಗುಚಬೇಕು. ಉಮೆಜು ಆ ಕೊನೆಯ ಚೌಕಟ್ಟಿನಲ್ಲಿ ರಾಕ್ಷಸಿಯನ್ನು ತೋರಿಸುವುದೇ ಇಲ್ಲ. ಅಲ್ಲಿರುವುದು ಮಗಳ ಮುಖ, ಬೆವರ ಹನಿ, ಏನನ್ನೋ ಕಂಡು ಅಗಲವಾದ ಕಣ್ಣು. ಕಂಡದ್ದೇನೆಂದು ತಿಳಿಯಬೇಕಾದರೆ ಓದುವವಳು ತನ್ನ ಕೈಯಿಂದಲೇ ಹಾಳೆ ತಿರುವಬೇಕು. ಹೆಣ್ಣು ರಾಕ್ಷಸಿಯ ಬಗ್ಗೆ ಬಹಳ ಜನ ಉಲ್ಲೇಖಿಸುವ ಬಾರ್ಬರಾ ಕ್ರೀಡ್ ಅವರ ಗ್ರಂಥ 1993ರದು, ಅದು ಪೂರ್ತಿ ಸಿನಿಮಾವನ್ನು ಕುರಿತದ್ದು. ತಾಯ್ತನ, ಬಸಿರು, ರಕ್ತ ಇವುಗಳ ಮೇಲಿನ ಅಳುಕೇ ಪರದೆಯ ಮೇಲೆ ರಾಕ್ಷಸಿಯಾಗುತ್ತದೆ ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅದನ್ನು ಎತ್ತಿ ಹಾಗೆಯೇ ಕಾಮಿಕ್ಸಿಗೆ ಅಂಟಿಸುವ ಲೇಖನಗಳನ್ನು ಓದುವಾಗ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಸಿನಿಮಾ ತನ್ನ ವೇಗದಲ್ಲಿ ಓಡುತ್ತದೆ, ನಾವು ಕಣ್ಣು ಮುಚ್ಚಿಕೊಳ್ಳಬಹುದು ಅಷ್ಟೆ. ಕಾಮಿಕ್ಸಿನಲ್ಲಿ ನಾವು ಕರೆಯದೆ ಅವಳು ಬರುವುದಿಲ್ಲ. ಬಂದ ಮೇಲೆ ಎಷ್ಟು ಹೊತ್ತು ಬೇಕಾದರೂ ಅವಳನ್ನು ದಿಟ್ಟಿಸಬಹುದು, ಹಾಳೆ ಹಿಂದಕ್ಕೆ ತಿರುವಿ ಮತ್ತೆ ಅಮ್ಮನನ್ನಾಗಿ ಮಾಡಬಹುದು.

ಯಕ್ಷಗಾನ ನೋಡಿ ಬೆಳೆದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. ನಮ್ಮ ಪಂಚವಟಿ ಪ್ರಸಂಗದಲ್ಲಿ ಹೆಣ್ಣುಬಣ್ಣದ ಶೂರ್ಪನಖಿ ಒಬ್ಬ ಕಲಾವಿದ, ಮಾಯಾ ಶೂರ್ಪನಖಿಯಾಗಿ ಬರುವ ಸ್ತ್ರೀವೇಷ ಇನ್ನೊಬ್ಬ ಕಲಾವಿದ. ಘೋರರೂಪ ಒಳಗೆ ಹೋಗಿ ಚೆಲುವು ಹೊರಗೆ ಬರುವ ಆ ಗಳಿಗೆಯನ್ನು ಚೆಂಡೆ ಮದ್ದಳೆ ತುಂಬಿಕೊಡುತ್ತವೆ, ಮಿಕ್ಕದ್ದನ್ನು ಪ್ರೇಕ್ಷಕ ತುಂಬಿಕೊಳ್ಳುತ್ತಾನೆ. ಉಮೆಜುವಿನಲ್ಲಿ ಆ ಗಳಿಗೆ ಎಂದರೆ ಒಂದು ಹಾಳೆಯ ದಪ್ಪ.

ತಾಯಿಯ ರೂಪದಲ್ಲಿ, ತಾಯಿಯ ದನಿಯಲ್ಲಿ ಬಾಗಿಲಿಗೆ ಬರುವ ಹೆಣ್ಣಿನ ಭಯ ಕನ್ನಡದವರಿಗೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಇಲ್ಲಿರುವ ಅನೇಕರಿಗೆ ನೆನಪಿದ್ದೀತು. ಪಿಶಾಚಿಯೊಬ್ಬಳು ರಾತ್ರಿ ಪ್ರೀತಿಪಾತ್ರರ ದನಿಯಲ್ಲಿ ಕೂಗುತ್ತಾಳೆ, ಬಾಗಿಲು ತೆಗೆದರೆ ಮುಗಿಯಿತು ಎಂಬ ವದಂತಿ ಅದು. ಗೋಡೆಬರಹದಲ್ಲೇ ಅವಳನ್ನು ನಾಳೆಗೆ ಮುಂದೂಡಿದೆವು. ಅವಳ ಕಥೆಯನ್ನು ಬಾಗಿಲ ಒಳಗೆ ನಿಂತ ಒಂಬತ್ತು ವರ್ಷದ ಹುಡುಗಿಯ ಕಡೆಯಿಂದ ಯಾರಾದರೂ ಬರೆದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಉಮೆಜುವಿಗೆ ಬರುತ್ತೇನೆ. ಹಾವಿನ ಕಥೆ ಅಮ್ಮನಲ್ಲಿಗೇ ನಿಲ್ಲಲಿಲ್ಲ. ಮುಂದಿನ ಕಥೆಗಳಲ್ಲಿ ಹಾವಾಗುವವರು ಹುಡುಗಿಯರೇ. ಎದುರಿಗಿದ್ದ ಭಯ ಮೈಗೆ ಹತ್ತಿತು. ಅದು ಪೂರ್ಣ ರೂಪಕ್ಕೆ ಬಂದದ್ದು 1974ರಿಂದ 1976ರವರೆಗೆ ಶೋಜೊ ಕಾಮಿಕ್ ಪತ್ರಿಕೆಯಲ್ಲಿ ಧಾರಾವಾಹಿಯಾದ 'ಸೆನ್‌ರೇ' ಎಂಬ ಕೃತಿಯಲ್ಲಿ. ಒಬ್ಬ ಖ್ಯಾತ ನಟಿ. ಮುಖದಲ್ಲಿ ಕಲೆ ಏಳುತ್ತಿದೆ, ವಯಸ್ಸು ಅಡಗುತ್ತಿಲ್ಲ. ಅವಳು ಒಂದು ಹೆಣ್ಣುಮಗುವನ್ನು ಹೆತ್ತು, ಸಕುರಾ ಎಂದು ಹೆಸರಿಟ್ಟು, ಕಣ್ಣಿನ ರೆಪ್ಪೆಯಂತೆ ಸಾಕುತ್ತಾಳೆ. ಮಗು ಬೆಳೆದ ಮೇಲೆ ತನ್ನ ಮೆದುಳನ್ನು ಅವಳ ತಲೆಗೆ ಹಾಕಿಸಿಕೊಂಡು ಮತ್ತೆ ಎಳೆಯಳಾಗಬೇಕು, ಸಾಕಿದ್ದು ಅದಕ್ಕೇ. ಶಸ್ತ್ರಕ್ರಿಯೆ ನಡೆಯುತ್ತದೆ. ಅಲ್ಲಿಂದ ಮುಂದೆ ಶಾಲೆಗೆ ಹೋಗುವ ಆ ಪುಟ್ಟ ಹುಡುಗಿಯ ಮೈಯಲ್ಲಿ ನಡುವಯಸ್ಸಿನ ಹೆಂಗಸಿನ ಆಸೆ, ಹೊಟ್ಟೆಕಿಚ್ಚು, ಲೆಕ್ಕಾಚಾರ. ತನ್ನ ಶಿಕ್ಷಕನನ್ನೇ ಬಯಸಿ ಅವನ ಸಂಸಾರಕ್ಕೆ ನುಗ್ಗುತ್ತಾಳೆ.

ಕಥೆಯ ಗುಟ್ಟನ್ನು ಹೇಳದೆ ಈ ಕೃತಿಯ ಬಗ್ಗೆ ಮಾತಾಡಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಕೊನೆಯಲ್ಲಿ ತಿಳಿಯುತ್ತದೆ, ಮೆದುಳು ಬದಲಾಗಿಯೇ ಇರಲಿಲ್ಲ. ಶಸ್ತ್ರವೈದ್ಯ ತಾಯಿಯ ಕದಡಿದ ಮನಸ್ಸು ಹುಟ್ಟಿಸಿದವನು. ಇಷ್ಟು ದಿನ ತಾಯಿಯಾಗಿ ಮಾತಾಡಿದ್ದು, ತಾಯಿಯಾಗಿ ಬಯಸಿದ್ದು ಮಗಳೇ. ಹೊರಗಿನಿಂದ ಯಾವ ಪಿಶಾಚಿಯೂ ಬಂದಿರಲಿಲ್ಲ. ಹುಟ್ಟಿದಂದಿನಿಂದ ತಾಯಿಯ ಕನ್ನಡಿಯಾಗಿ ಬೆಳೆದವಳು ಆ ಬಿಂಬವೇ ಆಗಿಬಿಟ್ಟಿದ್ದಳು. ಇದನ್ನು ಓದುತ್ತಿದ್ದವರು ಹತ್ತು ಹದಿನಾಲ್ಕು ವರ್ಷದ ಹುಡುಗಿಯರು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ನೋಡೋಕೆ ಥೇಟ್ ಅಮ್ಮನ ಹಾಗೇ ಎಂದು ನೆಂಟರು ಕೆನ್ನೆ ಹಿಂಡುವಾಗ ಒಳಗೆ ಮಿಸುಕುವ ಅಳುಕನ್ನು ಇಷ್ಟು ನೇರವಾಗಿ ಹಿಡಿದ ಇನ್ನೊಂದು ಕೃತಿಯನ್ನು ನಾನು ಯಾವ ಪ್ರಕಾರದಲ್ಲೂ ಓದಿಲ್ಲ. ಸೆನ್‌ರೇಯ ತಾಯಿ ಕೆಟ್ಟವಳು ಎಂದು ಷರಾ ಬರೆದು ಮುಗಿಸುವವರೂ ಇದ್ದಾರೆ. ಅವಳನ್ನು ಹಾಗೆ ಮಾಡಿದ್ದು ಹೆಣ್ಣಿನ ಮುಖಕ್ಕೆ ಅವಧಿ ಗೊತ್ತುಮಾಡುವ ಸಿನಿಮಾ ಉದ್ಯಮ. ಉಮೆಜು ಅದನ್ನು ಆರಂಭದ ಪುಟಗಳಲ್ಲೇ ಇಟ್ಟಿದ್ದಾನೆ.

ಉಮೆಜುವನ್ನು ಓದಿ ಬೆಳೆದವರಲ್ಲಿ ಒಬ್ಬ ಜುಂಜಿ ಇತೊ. 1963ರಲ್ಲಿ ಗಿಫು ಪ್ರಾಂತ್ಯದಲ್ಲಿ ಹುಟ್ಟಿದವನು. ಭಯಾನಕ ಮಾಂಗಾ ಅವನ ಕೈಗೆ ಬಂದದ್ದು ಅಕ್ಕಂದಿರು ಓದುತ್ತಿದ್ದ ಪತ್ರಿಕೆಗಳ ಮೂಲಕ. ನನ್ನ ವಾದಕ್ಕೆ ಈ ವಿವರ ಬಹಳ ಮುಖ್ಯ. ದಂತ ತಂತ್ರಜ್ಞನಾಗಿ ಕೆಲಸ ಮಾಡುತ್ತಿದ್ದ ಅವನು 1987ರಲ್ಲಿ ಹ್ಯಾಲೊವೀನ್ ಎಂಬ ಮಾಸಪತ್ರಿಕೆಗೆ ಒಂದು ಕಥೆ ಕಳಿಸಿದ. ಅದು ಹುಡುಗಿಯರಿಗಾಗಿಯೇ ಇದ್ದ ಭಯಾನಕ ಪತ್ರಿಕೆ. ಉಮೆಜುವಿನ ಹೆಸರಿನ ಸ್ಪರ್ಧೆಯಲ್ಲಿ ಆ ಕಥೆಗೆ ಮೆಚ್ಚುಗೆ ಸಿಕ್ಕಿತು. ಕಥೆಯ ಹೆಸರು, ನಾಯಕಿಯ ಹೆಸರು ಎರಡೂ ತೊಮಿಯೆ.

ಶಾಲೆಯಿಂದ ಪ್ರವಾಸ ಹೋದಾಗ ತೊಮಿಯೆ ಬೆಟ್ಟದಲ್ಲಿ ಬಿದ್ದು ಸಾಯುತ್ತಾಳೆ. ಅವಳ ಜೊತೆ ಸಂಬಂಧವಿಟ್ಟುಕೊಂಡಿದ್ದ ಶಿಕ್ಷಕ, ವಿಷಯ ಹೊರಬೀಳಬಾರದೆಂದು ತರಗತಿಯನ್ನೇ ಮುಂದೆ ಮಾಡಿಕೊಂಡು ದೇಹವನ್ನು ಕತ್ತರಿಸಿಹಾಕಿಸುತ್ತಾನೆ. ತುಂಡುಗಳನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ಕಡೆ ಎಸೆಯುತ್ತಾರೆ. ಆಮೇಲೊಂದು ದಿನ ತೊಮಿಯೆ ತಡವಾಯಿತೆಂದು ಹೇಳುತ್ತ ತರಗತಿಗೆ ಬಂದು ಕೂರುತ್ತಾಳೆ. ಸಹಪಾಠಿಯೊಬ್ಬ ಅಪಘಾತದಲ್ಲಿ ತೀರಿಕೊಂಡಾಗ, ಅವನು ಇನ್ನೇನು ಎಂದಿನಂತೆ ಬಂದಾನು ಎಂದು ಅನ್ನಿಸುತ್ತಿದ್ದ ವಿಚಿತ್ರ ಭಾವವೇ ಇದರ ಮೂಲ ಎಂದು ಇತೊ ಹೇಳಿಕೊಂಡಿದ್ದಾನೆ. ತುಂಡಾದರೂ ಮತ್ತೆ ಬೆಳೆಯುವ ಹಲ್ಲಿಯ ಬಾಲವೂ ಅವನ ತಲೆಯಲ್ಲಿತ್ತು.

2000ದವರೆಗೆ ಅವನು ತೊಮಿಯೆಯ ಕಥೆಗಳನ್ನು ಬರೆದ. ಚೌಕಟ್ಟು ಹೆಚ್ಚುಕಡಿಮೆ ಒಂದೇ. ನೀಳ ಕಪ್ಪುಕೂದಲು, ಎಡಗಣ್ಣಿನ ಕೆಳಗೊಂದು ಮಚ್ಚೆ. ಗಂಡಸರು ಅವಳಿಗೆ ಮರುಳಾಗುತ್ತಾರೆ, ಸೇವೆ ಮಾಡುತ್ತಾರೆ, ಕೊನೆಗೆ ಕೊಚ್ಚುತ್ತಾರೆ. ಪ್ರತಿ ತುಂಡಿನಿಂದಲೂ ಹೊಸ ತೊಮಿಯೆ ಏಳುತ್ತಾಳೆ. ಇವಳನ್ನು ಗಂಡಸರ ತಲೆಕೆಡಿಸುವ ಮೋಹಿನಿ ಎಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಕಥೆಗಳಲ್ಲಿ ಕೊಡಲಿ, ಗರಗಸ, ಚಾಕು ಹಿಡಿಯುವವರು ಯಾರೆಂದು ನೋಡಿ. ಶಿಕ್ಷಕ, ವೈದ್ಯ, ಚಿತ್ರಕಾರ, ಪ್ರೇಮಿ. ಅವಳೇ ಹಾಗೆ ಮಾಡಿಸಿದಳು ಎಂದು ಇವರೆಲ್ಲ ನಂಬಿದ್ದಾರೆ. ಆ ಮಾತನ್ನು ನಾವು ಕಥೆಯ ಹೊರಗೆ, ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ, ಪಕ್ಕದ ಮನೆಯ ಜಗಲಿಯ ಮೇಲೆ ಕೇಳಿದ್ದೇವೆ. ಹಾಗೆಂದು ಇತೊ ಅವಳನ್ನು ಬಡಪಾಯಿಯನ್ನಾಗಿಯೂ ಮಾಡಲಿಲ್ಲ. ತೊಮಿಯೆ ಕ್ರೂರಿ, ಜಂಬದವಳು, ಸುಳ್ಳುಗಾತಿ, ಬೆಲೆಬಾಳುವ ತಿನಿಸೇ ಬೇಕೆನ್ನುವವಳು. ಒಳ್ಳೆಯವಳಾದರೆ ಮಾತ್ರ ಅನುಕಂಪ ಎಂಬ ಷರತ್ತನ್ನು ಅವನು ಹಾಕುವುದಿಲ್ಲ. ಕೆಟ್ಟ ಹುಡುಗಿಯನ್ನು ಕೊಂದರೂ ಅದು ಕೊಲೆಯೇ.

'ಛಾಯಾಚಿತ್ರ' ಎಂಬ ಕಥೆಯನ್ನು ಹತ್ತಿರದಿಂದ ನೋಡೋಣ. ತ್ಸುಕಿಕೊ ಎಂಬ ಹುಡುಗಿ ಶಾಲೆಯ ಚೆಲುವ ಹುಡುಗರ ಫೋಟೊ ಕದ್ದು ತೆಗೆದು ಹುಡುಗಿಯರಿಗೆ ಮಾರುತ್ತಾಳೆ. ಹುಡುಗಿ ನೋಡುವವಳು, ಹುಡುಗರು ನೋಟಕ್ಕೆ ಸಿಕ್ಕುವವರು ಎಂಬ ತಿರುವು ಮೊದಲ ಪುಟಗಳಲ್ಲೇ ಬಂತು. ಶಿಸ್ತು ಸಮಿತಿಯಲ್ಲಿರುವ ತೊಮಿಯೆ ಅವಳನ್ನು ಹಿಡಿದುಕೊಡುತ್ತಾಳೆ. ತ್ಸುಕಿಕೊ ತೊಮಿಯೆಯ ಫೋಟೊವನ್ನೂ ತೆಗೆಯುತ್ತಾಳೆ. ತೊಳೆದು ಒಣಗಿಸಿದ ಚಿತ್ರದಲ್ಲಿ ಆ ಸುಂದರ ಮುಖದಿಂದ ಇನ್ನೊಂದು ವಿಕಾರ ಮುಖ ಉಬ್ಬಿ ಹೊರಬರುತ್ತಿದೆ. ತೊಮಿಯೆಗೆ ಫೋಟೊ ಎಂದರೆ ಆಗದು ಏಕೆಂದು ಆಗ ತಿಳಿಯುತ್ತದೆ. ಚಿತ್ರಕಾರನೊಬ್ಬನ ಕಥೆಯೂ ಹೀಗೆಯೇ. ಅವಳ ಸೌಂದರ್ಯವನ್ನು ಕ್ಯಾನ್ವಾಸಿನಲ್ಲಿ ಹಿಡಿದೇ ತೀರುತ್ತೇನೆಂದು ಹೊರಟವನ ಕುಂಚದಿಂದ ಮೂಡುವುದು ರಾಕ್ಷಸಿ. ಹಿಡಿದಿಡಲು ಹೋದವರಿಗೆಲ್ಲ ಅದೇ ದಕ್ಕುವುದು. ಇತೊ ಇದನ್ನು ಬಿಡಿಸುವಾಗ ಅವನ ಕೈಯೂ ಬದಲಾಗುತ್ತದೆ. ತೊಮಿಯೆಯ ಸಾಮಾನ್ಯ ಮುಖ ನಾಲ್ಕಾರು ತೆಳು ಗೆರೆ, ಉಳಿದದ್ದು ಬಿಳಿ ಕಾಗದ. ವಿಕಾರ ಮುಖಕ್ಕೆ ಬಂದಾಗ ಸಾವಿರ ಸಣ್ಣ ಗೆರೆಗಳು, ಒಂದರ ಮೇಲೊಂದು, ಚರ್ಮದ ಮಡಿಕೆ, ನರ, ಒದ್ದೆ. ಚೆಲುವಿಗೆ ಕೊಡದ ಶ್ರಮವನ್ನು ವಿಕಾರಕ್ಕೆ ಕೊಟ್ಟಿದ್ದಾನೆ.

ತೊಮಿಯೆಯ ಕಥೆಗಳಲ್ಲಿ ಹುಡುಗಿಯರಿಗೆ ಏನಾಗುತ್ತದೆ ಎಂಬುದನ್ನು ಗಂಡು ವಿಮರ್ಶಕರು ಹೆಚ್ಚು ಗಮನಿಸಿಲ್ಲ. ಒಂದು ಕಥೆಯಲ್ಲಿ ತೊಮಿಯೆಯ ಮೂತ್ರಪಿಂಡವನ್ನು ಯುಕಿಕೊ ಎಂಬ ರೋಗಿಗೆ ಜೋಡಿಸುತ್ತಾರೆ. ಯುಕಿಕೊ ದಿನದಿನಕ್ಕೆ ಚೆಲುವೆಯಾಗುತ್ತಾಳೆ, ಕೊನೆಗೆ ಯುಕಿಕೊ ಉಳಿಯುವುದೇ ಇಲ್ಲ. ಇನ್ನೊಂದರಲ್ಲಿ ತೊಮಿಯೆಯ ಕೂದಲು ಒಬ್ಬ ಹುಡುಗಿಯ ತಲೆಯಲ್ಲಿ ಬೇರುಬಿಟ್ಟು ಒಳಕ್ಕೆ ಇಳಿಯುತ್ತದೆ. ಗಂಡಸರು ಅವಳನ್ನು ಕಂಡು ಹುಚ್ಚರಾಗುತ್ತಾರೆ, ಹುಡುಗಿಯರು ಅವಳೇ ಆಗಿಬಿಡುತ್ತಾರೆ. ಅದೂ ಸುಂದರಿಯಾಗುವ ಮೂಲಕ. ಹದಿಹರೆಯದ ಹುಡುಗಿಗೆ ಸಮಾಜ ಯಾವುದನ್ನು ವರವೆಂದು ಹೇಳಿಕೊಟ್ಟಿದೆಯೋ ಅದೇ ಅವಳನ್ನು ಒಳಗಿನಿಂದ ತಿಂದು ಮುಗಿಸುವ ರೋಗ. ಹ್ಯಾಲೊವೀನ್ ಪತ್ರಿಕೆಯ ಓದುಗರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಅದೇ ಬಗೆಯ ಪತ್ರಿಕೆಗಳಲ್ಲಿ ಕನಾಕೊ ಇನುಕಿಯಂಥ ಲೇಖಕಿಯರೂ ಹೆಸರು ಮಾಡಿದರು. ಅವರ ಬಗ್ಗೆ ಪ್ರತ್ಯೇಕ ಉಪನ್ಯಾಸವೇ ಬೇಕು. ಜಪಾನಿನ ಹೊರಗೆ ಬಂದರೆ, ಕೆನಡಾದ ಎಮಿಲಿ ಕ್ಯಾರಲ್ ಅವರ 2014ರ 'ಥ್ರೂ ದ ವುಡ್ಸ್' ಸಂಕಲನದಲ್ಲಿ ಅಣ್ಣನನ್ನು ಮದುವೆಯಾಗಲಿರುವವಳ ನಗುವಿನ ಹಿಂದೆ ಏನು ಮಿಸುಕುತ್ತಿದೆ ಎಂದು ತಂಗಿ ಕಂಡುಹಿಡಿಯುವ ಕಥೆಯೊಂದಿದೆ. ಉಮೆಜುವಿನ ಯುಮಿಕೊಗೆ ದೂರದ ಸೋದರಿ ಅವಳು. ಮಾರ್ಜೊರಿ ಲಿಯು ಬರೆದು ಸಾನಾ ತಕೆದಾ ಚಿತ್ರಿಸುತ್ತಿರುವ 'ಮಾನ್‌ಸ್ಟ್ರೆಸ್' 2015ರಲ್ಲಿ ಶುರುವಾಯಿತು, ಮೂರು ಹ್ಯೂಗೊ ಪ್ರಶಸ್ತಿ ಪಡೆಯಿತು. 2018ರಲ್ಲಿ ಐಸ್ನರ್ ಪ್ರಶಸ್ತಿಯ ಅತ್ಯುತ್ತಮ ಬರಹಗಾರ ವಿಭಾಗದಲ್ಲಿ ಗೆದ್ದ ಮೊದಲ ಮಹಿಳೆ ಲಿಯು. ಈ ಕಥೆಯಲ್ಲಿ ಒಂದು ತೋಳು ಕಳೆದುಕೊಂಡ ಮೈಕಾ ಎಂಬವಳ ಮೈಯೊಳಗೇ ಹಸಿದ ಒಂದು ದೈತ್ಯ ಕೂತಿದೆ. ಚಿತ್ರಗಳ ವೈಭವ ಕಣ್ಣು ಕೋರೈಸುವಂಥದ್ದು. ನನ್ನ ತಕರಾರು ಆ ವೈಭವದ ಮೇಲೆಯೇ ಇದೆ, ಕೆಲವೊಮ್ಮೆ ಚಿನ್ನದ ಕುಸುರಿಯ ನಡುವೆ ಹಸಿವು ಕಾಣದಂತಾಗುತ್ತದೆ. ಆದರೂ ರಾಕ್ಷಸಿ ತನ್ನೊಳಗೇ ಇದ್ದಾಳೆ, ಅವಳನ್ನು ಇಟ್ಟುಕೊಂಡೇ ಬದುಕಬೇಕು ಎಂಬಲ್ಲಿಂದ ಕಥೆ ಹೊರಡುವುದು ಹೊಸತು.

ಇಷ್ಟು ದೂರ ಬಂದ ಮೇಲೆ ಒಬ್ಬಳನ್ನು ಬಿಡಲಾರೆ. ಶಿಕಾಗೊದ ಎಮಿಲ್ ಫೆರಿಸ್ ತನ್ನ ನಲವತ್ತನೆಯ ವಯಸ್ಸಿನಲ್ಲಿ ಸೊಳ್ಳೆ ಕಚ್ಚಿ ವೆಸ್ಟ್ ನೈಲ್ ಜ್ವರಕ್ಕೆ ಸಿಕ್ಕಳು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು, ಚಿತ್ರ ಬಿಡಿಸುವ ಬಲಗೈಯೂ ಹೋಯಿತು. ಪೆನ್ನನ್ನು ಕೈಗೆ ಟೇಪಿನಿಂದ ಬಿಗಿದುಕೊಂಡು ಮತ್ತೆ ಕಲಿತಳು, ಕಲಾಶಾಲೆಗೆ ಸೇರಿದಳು. 'ಮೈ ಫೇವರಿಟ್ ಥಿಂಗ್ ಈಸ್ ಮಾನ್‌ಸ್ಟರ್ಸ್' 2017ರಲ್ಲಿ ಬಂತು, ಎರಡನೆಯ ಭಾಗ 2024ರಲ್ಲಿ. ಇಡೀ ಪುಸ್ತಕ ಒಬ್ಬ ಹತ್ತು ವರ್ಷದ ಹುಡುಗಿಯ ಗೆರೆಹಾಕಿದ ನೋಟ್‌ಬುಕ್ಕು. ಬಣ್ಣಬಣ್ಣದ ಬಾಲ್‌ಪೆನ್ನಿನ ಗೀರುಗಳಲ್ಲೇ ಮುಖ, ಗೋಡೆ, ಮಳೆ, ಇರುಳು. ಅರುವತ್ತರ ದಶಕದ ಕೊನೆಯ ಶಿಕಾಗೊ. ಕ್ಯಾರನ್ ರೇಯೆಸ್ ಬಡ ವಠಾರದ ಹುಡುಗಿ, ಹುಡುಗಿಯರನ್ನು ಮೆಚ್ಚುವವಳು, ಶಾಲೆಯಲ್ಲಿ ಒಂಟಿ. ನೋಟ್‌ಬುಕ್ಕಿನಲ್ಲಿ ಅವ­ಳು ತನ್ನನ್ನು ಕೋರೆಹಲ್ಲಿನ ತೋಳಹುಡುಗಿಯಾಗಿಯೇ ಬರೆದುಕೊಳ್ಳುತ್ತಾಳೆ. ಮೇಲಿನ ಮನೆಯ ಆಂಕಾ ಗುಂಡೇಟಿನಿಂದ ಸತ್ತಿದ್ದಾಳೆ, ನಾಜಿ ಜರ್ಮನಿಯಿಂದ ಬದುಕಿ ಬಂದವಳು. ಆ ಸಾವನ್ನು ತನಿಖೆ ಮಾಡಲು ಅಣ್ಣನ ಕೋಟು ತೊಟ್ಟು ತೋಳಹುಡುಗಿ ಹೊರಡುತ್ತಾಳೆ.

ಹಳೆಯ ಭಯಾನಕ ಪತ್ರಿಕೆಗಳ ಮುಖಪುಟಗಳನ್ನು ಕ್ಯಾರನ್ ತಾನೇ ಬಿಡಿಸುತ್ತಾಳೆ, ಅಧ್ಯಾಯಗಳ ನಡುವೆ ಅವು ಬರುತ್ತವೆ. ಗೇನ್ಸ್ ವಿಚಾರಣೆಯಲ್ಲಿ ಸಮರ್ಥಿಸಿಕೊಂಡ ಪರಂಪರೆ ಒಬ್ಬ ಹುಡುಗಿಯ ಕೈಗೆ ಬಂದು ಅವಳ ಗೆರೆಯಲ್ಲಿ ಮತ್ತೆ ಹುಟ್ಟಿದೆ. ಅವಳಿಗೆ ರಾಕ್ಷಸಿಯಾಗುವ ಭಯವಿಲ್ಲ. ಆಗಬೇಕೆಂಬ ಹಂಬಲ. ಕಾರಣವನ್ನೂ ಅವಳೇ ಹೇಳುತ್ತಾಳೆ: ತನಗೊಂದು ರಕ್ಕಸಕಡಿತ ಬಿದ್ದರೆ, ತಾನು ಅಮ್ಮನನ್ನು, ಅಣ್ಣನನ್ನು ಕಚ್ಚಿ ಸಾವೇ ಇಲ್ಲದವರನ್ನಾಗಿ ಮಾಡಬಹುದು. ಅಮ್ಮನಿಗೆ ಕ್ಯಾನ್ಸರ್ ಇದೆ. ಉಮೆಜುವಿನ ಮಗಳು ಅಮ್ಮನಿಂದ ತಪ್ಪಿಸಿಕೊಳ್ಳಲು ಓಡಿದಳು, ಸಕುರಾ ಅಮ್ಮನಲ್ಲಿ ಕರಗಿಹೋದಳು, ಕ್ಯಾರನ್ ಅಮ್ಮನನ್ನು ಉಳಿಸಿಕೊಳ್ಳಲು ಕೋರೆಹಲ್ಲು ಬೇಡುತ್ತಾಳೆ. ಅರ್ಧ ಶತಮಾನದಲ್ಲಿ ಈ ಪ್ರಕಾರ ಇಷ್ಟು ದೂರ ನಡೆದಿದೆ. ಗಂಡು ಓದುಗನಿಗೆಂದು ಬರೆದ ರಾಕ್ಷಸಿಯರಿಗೆ ಈ ದಾರಿ ಸಿಗಲಿಲ್ಲ. ವ್ಯಾಂಪಿರೆಲ್ಲಾ ಇವತ್ತಿಗೂ ಅದೇ ಭಂಗಿಯಲ್ಲಿ ನಿಂತಿದ್ದಾಳೆ.

ಓದಲು ಹೊರಡುವವರಿಗೆ ಒಂದೆರಡು ಮಾತು. ಹೊಸಬರು ಫೆರಿಸ್‌ಳಿಂದ ಶುರುಮಾಡುವುದು ಒಳ್ಳೆಯದು, ಎರಡು ಭಾಗಗಳನ್ನೂ ಕೈಯಲ್ಲಿಟ್ಟುಕೊಂಡೇ ಕೂತುಕೊಳ್ಳಿ. ಉಮೆಜುವಿನ ಹಾವಿನ ಕಥೆಗಳು 'ರೆಪ್ಟಿಲಿಯಾ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿವೆ. ತೊಮಿಯೆಯ ಕಥೆಗಳೆಲ್ಲ ಒಂದೇ ದಪ್ಪ ಸಂಪುಟದಲ್ಲಿ ಸಿಗುತ್ತವೆ, ಆದರೆ ಒಂದೇ ಬೀಸಿಗೆ ಓದಬೇಡಿ. ಮೊದಲ ಕಥೆಯಲ್ಲಿ ಇತೊವಿನ ಕೈ ಇನ್ನೂ ಪಳಗಿಲ್ಲ. 'ಛಾಯಾಚಿತ್ರ'ದವರೆಗೆ ತಾಳ್ಮೆಯಿಂದ ಹೋಗಿ. ಮನೆಯಲ್ಲಿ ಹದಿಹರೆಯದ ಮಗಳಿದ್ದು ಅವಳ ಕೈಯಲ್ಲಿ ಈ ಪುಸ್ತಕ ಕಂಡರೆ ಕಿತ್ತುಕೊಳ್ಳುವ ಮೊದಲು ನೀವೂ ಓದಿ, ಯಾವ ಪುಟದಲ್ಲಿ ಅವಳಿಗೆ ಹೆಚ್ಚು ಭಯವಾಯಿತೆಂದು ಕೇಳಿ. ಕೊಚ್ಚುವ ಪುಟವನ್ನು ಅವಳು ತೋರಿಸಲಿಕ್ಕಿಲ್ಲ.